ಚಿಕ್ಕಮ್ಮನ ಡೀಸೆಲ್ ಡಬ್ಬ

ಡೀಸೆಲ್ಲೂ ನಮ್ಮ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು ಊರಿಗೆ ಬರುತ್ತಿದ್ದ ಕಾಲ ಅದು. ಗೌಡಗೆರೆಯ ಆಚೆಗಿದ್ದ ನಮ್ಮ ಊರಿನವರಿಗೆ ಬಂಕ್ ಎಂದರೆ ಶಿರಾ. ಬೈಕೇರಿ ಹೋಗಿ ಕಾಫಿ ಕುಡಿಯುವಷ್ಟರಲ್ಲಿ ಡೀಸೆಲ್ ತರುವ ಈಗಿನವರಿಗೆ ಇದು ಕಟ್ಟುಕತೆಯಂತೆ ಕೇಳಿಸಬಹುದು. ಕೇಳಿಸಲಿ. ಹೋದ ವಾರ ಒಂದು ಹೊಸ ಕ್ಯಾನು ನನ್ನ ಸೀರೆಗೆ ಡೀಸೆಲ್ ಕುಡಿಸಿ ಹೊಟ್ಟೆ ಉರಿಸಿದೆ. ಆ ಸಿಟ್ಟಿಗೇ ಹಳೆಯ ಡಬ್ಬದ ಮಾತು ಬರೆಯಲು ಕೂತಿದ್ದೇನೆ.

ನಾನು ಐದನೇ ಕ್ಲಾಸಿನಲ್ಲಿದ್ದೆ, ದಸರಾ ರಜೆ. ಚಿಕ್ಕಮ್ಮ ಬಾವಿ ಪಕ್ಕದ ಅರ್ಧ ಎಕರೆಗೆ ಸೇವಂತಿಗೆ ಹಾಕಿದ್ದಳು. ಚಿಕ್ಕಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ದೂರ ಹೋಗುತ್ತಿದ್ದರಿಂದ ತೋಟದ ಕೆಲಸವೆಲ್ಲ ಅವಳದೇ. ಆಯುಧಪೂಜೆಗೆ ಮಾರ್ಕೆಟ್ ಸೇರದ ಸೇವಂತಿಗೆಯನ್ನು ಆಮೇಲೆ ಕೇಳುವವರಿಲ್ಲ ಎಂದು ಅವಳು ದಿನಕ್ಕೊಮ್ಮೆ ಹೇಳುತ್ತಿದ್ದಳು. ಮೊಗ್ಗು ಬಿರಿಯುವ ಹೊತ್ತಿಗೆ ಸರಿಯಾಗಿ ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕರೆಂಟಿನವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುತ್ತಲೇ ಇದ್ದರು. ಬಾವಿಯಲ್ಲಿ ಬೇಕಾದಷ್ಟು ನೀರಿದ್ದರೂ ಮೋಟರು ಓಡುವಂತಿರಲಿಲ್ಲ. ಮಧ್ಯಾಹ್ನವಾದರೆ ಗಿಡಗಳು ಕತ್ತು ಬಗ್ಗಿಸಿಬಿಡುತ್ತಿದ್ದವು. ಚಿಕ್ಕಮ್ಮ ಪಕ್ಕದ ಹೊಲದವರ ಡೀಸೆಲ್ ಇಂಜಿನ್ ಕೇಳಿಕೊಂಡು ಬಂದಳು. ಡೀಸೆಲ್ ಮಾತ್ರ ನೀನೇ ತಂದುಕೊ ಎಂದರಂತೆ ಅವರು.

ಡೀಸೆಲ್ ತರಲು ಮನೆಯಲ್ಲೊಂದು ತಗಡಿನ ಡಬ್ಬವಿತ್ತು. ಶಿರಾ ಪೇಟೆಯಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದ ಸಾಬರು ಎಣ್ಣೆ ಟಿನ್ನು ಕತ್ತರಿಸಿ ಮಾಡಿಕೊಟ್ಟದ್ದು. ಮುಂದೆ ಉದ್ದನೆಯ ಮೂತಿ, ಹಿಂದೆ ಹಿಡಿಯ ಪಕ್ಕದಲ್ಲೇ ಗಾಳಿಗೊಂದು ಸಣ್ಣ ತೂತು, ಎರಡಕ್ಕೂ ಬಿಗಿಯಾದ ಬಿರಡೆ. ಸುರಿಯುವಾಗ ಬಿರಡೆ ತೆಗೆದು ಹಿಂದಿನ ತೂತಿನ ಮೇಲೆ ಹೆಬ್ಬೆರಳಿಟ್ಟರೆ ಧಾರೆ ನಿಲ್ಲುತ್ತಿತ್ತು, ಬೆರಳೆತ್ತಿದರೆ ನೂಲಿನ ಹಾಗೆ ಸಣ್ಣಗೆ ಇಳಿಯುತ್ತಿತ್ತು. ಇದರಲ್ಲಿ ಕಲಿಯಬೇಕಾದ್ದು ಅಷ್ಟೇ.

ಆ ಸಲ ಹೊರಡುವ ಮುಂಚೆ ನೋಡಿದರೆ ತಳದ ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು. ಚಿಕ್ಕಮ್ಮ ನನ್ನನ್ನೂ ಎಳೆದುಕೊಂಡು ಮೊದಲ ಬಸ್ಸಿಗೆ ಶಿರಾಕ್ಕೆ ಹೋದಳು. ಸಾಬರ ಅಂಗಡಿಯ ಮುಂದೆ ನಿಂತು, ಹೂವೇನಾದರೂ ಬಾಡಿದರೆ ಅದರ ಪಾಪ ನಿಮಗೇ ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ಅವರು ಕಬ್ಬಿಣ ಕಾಯಿಸತೊಡಗಿದರು. ಬೆಸುಗೆಗೆ ಹಾಕುವ ನವಸಾಗರದ ಹೊಗೆ ಚುರ್ರೆಂದು ನನ್ನ ಮೂಗು ಸೇರಿತು. ಬೆಸುಗೆ ಆರಿದ ಮೇಲೆ ಡಬ್ಬಕ್ಕೆ ನೀರು ತುಂಬಿ, ಬಿರಡೆ ಜಡಿದು, ತಲೆಕೆಳಗು ಮಾಡಿ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು.

"ಕೂತ್ಕೊಳಮ್ಮ. ಸೋರಿದ್ರೆ ನನ್ ಲುಂಗೀನೇ ನೆನೀತೈತೆ. ಆಮ್ಯಾಕೆ ಬೈಯಿ."

ಅವರೇ ತರಿಸಿದ ಟೀ ಕುಡಿದು ಮುಗಿಯುವವರೆಗೂ ಲುಂಗಿ ಒಣಗಿಯೇ ಇತ್ತು. ಚಿಕ್ಕಮ್ಮ ಬೈಯುವುದಕ್ಕೆ ಏನೂ ಸಿಗದೆ ಟೀಗೆ ಸಕ್ಕರೆ ಜಾಸ್ತಿ ಎಂದಳು. ನೀರು ಚೆಲ್ಲಿ, ಡಬ್ಬವನ್ನು ಬಿಸಿಲಿಗಿಟ್ಟು ಒಣಗಿಸಿ, ಬಂಕಿಗೆ ಹೋಗಿ ತುಂಬಿಸಿದೆವು.

ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡ್ಲೆಕಾಯಿಯ ಹಬೆ ಬಾಯಲ್ಲಿ ನೀರೂರಿಸುತ್ತಿತ್ತು. ಬಾಗಿಲಲ್ಲೇ ಕಂಡಕ್ಟರ್ ಕೈ ಅಡ್ಡ ಹಿಡಿದ. ಡೀಸೆಲ್ ಹತ್ತಿಸುವಂತಿಲ್ಲ, ಸೋರಿದರೆ ಜನ ತನ್ನನ್ನು ಬಿಡುವುದಿಲ್ಲ ಎಂದ. ಆ ಬಸ್ಸು ಬಿಟ್ಟರೆ ಸಾಯಂಕಾಲದವರೆಗೂ ನಮ್ಮ ಕಡೆಗೆ ಬೇರೆ ಬಸ್ಸಿರಲಿಲ್ಲ.

"ಒಂದ್ ತೊಟ್ಟು ಬಿದ್ರೆ ನನ್ನೂ ಡಬ್ಬಾನೂ ದಾರೀಲೇ ಇಳಿಸ್ಬುಡಪ್ಪ" ಎಂದಳು ಚಿಕ್ಕಮ್ಮ. ಹತ್ತಿ ಕೂತು, ಸಾಬರು ಮಾಡಿದಂತೆಯೇ ತುಂಬಿದ ಡಬ್ಬವನ್ನು ತಲೆಕೆಳಗು ಮಾಡಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಅದು. ಕಂಡಕ್ಟರ್ ಟಿಕೆಟ್ ಕೊಡುವ ನೆಪದಲ್ಲಿ ಎರಡು ಮೂರು ಸಲ ಬಗ್ಗಿ ನೋಡಿಹೋದ. ಊರು ಬಂದಾಗ ಸೀರೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅವನೇ ಡಬ್ಬ ಇಳಿಸಿಕೊಟ್ಟ.

ಅವತ್ತು ಇಂಜಿನ್ನಿಗೆ ಡೀಸೆಲ್ ಹಾಕುವಾಗ ಚಿಕ್ಕಮ್ಮ ಡಬ್ಬ ಹಿಡಿದಳು, ಗಾಳಿಯ ತೂತು ನನ್ನ ಪಾಲಿಗೆ ಬಂತು. "ಹೆಬ್ಬೆಟ್ಟು ಎತ್ತು ಮಗ. ಸಾಕು, ಮುಚ್ಚು" ಎಂದಳು. ಮುಚ್ಚಿದೆ, ಧಾರೆ ಅಲ್ಲಿಗೇ ತುಂಡಾಯಿತು. ಇಂಜಿನ್ ಢಗಢಗ ಎಂದು ನೀರು ಎತ್ತಿದ ಮೇಲೆ ನಾವು ಮಕ್ಕಳು ಕಾಲುವೆಯಲ್ಲಿ ಚಪ್ಪಲಿ ತೇಲಿಬಿಟ್ಟು, ಯಾರದು ಮುಂದೆ ಎಂದು ಬದುವಿನ ಮೇಲೆ ಓಡಿದೆವು. ಗಿಡಗಳು ಮಾರನೆಯ ದಿನಕ್ಕೆ ಚೇತರಿಸಿಕೊಂಡವು. ಆಯುಧಪೂಜೆಯ ಹಿಂದಿನ ದಿನ ಚಿಕ್ಕಮ್ಮನ ಹೂವು ಬಸ್ಸಿನ ಟಾಪಿನ ಮೇಲೆ ಶಿರಾಕ್ಕೆ ಹೋಯಿತು.

ಆ ಡಬ್ಬ ತುಕ್ಕು ಹಿಡಿದು ಎಂದೋ ಹೋಯಿತು. ಬೆಸುಗೆಯ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಡಬ್ಬದ ಬದಲಿಗೆ ಬಂದಿರುವುದು ಪ್ಲಾಸ್ಟಿಕ್ ಕ್ಯಾನು. ಅದಕ್ಕೆ ಗಾಳಿಯ ತೂತೇ ಇಲ್ಲ. ಮುಚ್ಚಳವನ್ನು ಒತ್ತಬೇಕು, ಒತ್ತಿಕೊಂಡೇ ತಿರುಗಿಸಬೇಕು, ಮೂತಿಯಲ್ಲೊಂದು ಸ್ಪ್ರಿಂಗು, ಅದನ್ನು ಬೇರೆ ಹಿಂದಕ್ಕೆ ಎಳೆದು ಹಿಡಿಯಬೇಕು. ಇಷ್ಟೆಲ್ಲ ಸೇವೆ ಮಾಡಿದರೂ ಮೊದಲು ಒಂದು ಹನಿಯೂ ಬರುವುದಿಲ್ಲ, ಆಮೇಲೆ ಗಳಗಳ ಎಂದು ವಾಂತಿ ಮಾಡಿಕೊಳ್ಳುತ್ತದೆ. ಮೇಲೆ ದಪ್ಪಕ್ಷರದಲ್ಲಿ 'ಸೇಫ್ಟಿ' ಎಂದು ಬರೆದಿದೆ. ಇದನ್ನು ಮಾಡಿದ ಮಹಾನುಭಾವ ಜನ್ಮದಲ್ಲಿ ಒಂದು ಇಂಜಿನ್ನಿಗೆ ಎಣ್ಣೆ ಹಾಕಿದ್ದಾನೆಯೇ? ಅಂಗಡಿಯವನನ್ನು ಕೇಳಿದರೆ ಕಂಪ್ನಿ ಡಿಸೈನೇ ಹಂಗೆ ಮೇಡಂ ಎನ್ನುತ್ತಾನೆ. ಕಂಪನಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳುತ್ತದೆ. ಬೈದರೆ ಕೇಳಿಸಿಕೊಳ್ಳುವುದಕ್ಕೂ ಒಬ್ಬ ಮನುಷ್ಯನಿಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ, ಸೇವಂತಿಗೆ ಬಿಟ್ಟಿಲ್ಲ. ಕರೆಂಟು ಕೈಕೊಟ್ಟಾಗ ಇರಲಿ ಎಂದು ಈಗ ಅವಳದೇ ಒಂದು ಇಂಜಿನ್ ಇದೆ. ಅವತ್ತೂ ಕರೆಂಟಿರಲಿಲ್ಲ. ಗಂಟುಗಟ್ಟಿದ ಬೆರಳುಗಳಿಂದ ಆ ಮುಚ್ಚಳವನ್ನು ಒತ್ತಿದಳು, ತಿರುಗಿಸಿದಳು, ಅದು ಜಗ್ಗಲಿಲ್ಲ. ನಾನು ಇಸಿದುಕೊಂಡು ಸುರಿದರೆ ಇಂಜಿನ್ನಿಗೆ ಬಿದ್ದದ್ದಕ್ಕಿಂತ ನನ್ನ ಸೀರೆಗೂ ಮಣ್ಣಿಗೂ ಬಿದ್ದದ್ದೇ ಹೆಚ್ಚು. ಚಿಕ್ಕಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಬುಡು ಮಗ. ಸಂಜೀಗೆ ಗಂಡಸ್ರು ಬತ್ತಾರೆ, ಅವ್ರೇ ಹಾಕ್ಲಿ."

ಈ ಮಾತನ್ನು ಅವಳ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಬಾವಿಯಲ್ಲಿ ನೀರಿತ್ತು, ಕ್ಯಾನಿನಲ್ಲಿ ಡೀಸೆಲ್ ಇತ್ತು, ಗಿಡಗಳು ಬಿಸಿಲಿಗೆ ಬಗ್ಗುತ್ತಿದ್ದವು. ಗಂಡ ಊರಲ್ಲಿಲ್ಲದೆಯೇ ಇಷ್ಟು ವರ್ಷ ತೋಟ ಮಾಡಿದ ಹೆಂಗಸು, ಒಂದು ಕ್ಯಾನಿನಿಂದ ಡೀಸೆಲ್ ಹಾಕಿಸಿಕೊಳ್ಳಲು ಗಂಡಸರ ದಾರಿ ನೋಡುತ್ತಾ ಬದುವಿನ ಮೇಲೆ ಕೂತಳು.