ಪಕ್ಕದ ಮೇಜಿನ ಯೂಲಿಯಾಸಿ ಮತ್ತು ಟೀಚರಮ್ಮನ ಕಪ್ಪು ಪರದೆ

ಯೂಲಿಯಾಸಿಯ ಬಗ್ಗೆ ಬರೆಯಲು ನನಗಿಂತ ಯೋಗ್ಯ ಮನುಷ್ಯ ಈ ಸುರಬಾಯಾ ಪಟ್ಟಣದಲ್ಲಿ ಇಲ್ಲ. ಆರು ವರ್ಷದಿಂದ ಅವಳ ಪಕ್ಕದ ಮೇಜಿನಲ್ಲಿ ಕೂತು, ಅರ್ಧ ನನ್ನ ಕೆಲಸ, ಅರ್ಧ ಅವಳ ಕೆಲಸ ನೋಡುತ್ತಾ ಹೊಟ್ಟೆ ಉರಿದುಕೊಂಡವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವವರು ಕಂಡುಹಿಡಿದರೆ ಮರ್ಯಾದೆ ಹೋಗುತ್ತದೆ.

ನಮ್ಮ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಲ್ಯಾಪ್‌ಟಾಪ್ ರಿಪೇರಿಯ ಮೇಜುಗಳು ಹದಿನೇಳು. ಹದಿನಾರರಲ್ಲಿ ಗಂಡಸರು. ಹದಿನೇಳನೆಯದು ಅವಳದು, ಸರಿಯಾಗಿ ನನ್ನ ಎಡಗಡೆ. ಅವಳು ಸಿಡೊಆರ್ಜೊ ಕಡೆಯ ಮೀನುಕೆರೆಗಳ ಊರಿನವಳು. ಅಪ್ಪ ಹೊಗೆ ಹಾಕಿದ ಮೀನು ಮಾರುತ್ತಿದ್ದ. ಕೆರೆ ಕಾಯುವವರ ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಬಿಚ್ಚಿ ಕೈ ಪಳಗಿಸಿಕೊಂಡಳು. ಮದುವೆಯಾದ ಮೇಲೆ ಗಂಡನ ಮನೆಯ ಜಗುಲಿಯಲ್ಲಿ ಮೊಬೈಲ್ ರಿಪೇರಿಗೆ ಕೂತಳು. ಗಿರಾಕಿಗಳ ಚಪ್ಪಲಿ ಬಾಗಿಲಿಗೆ ಅಡ್ಡವಾಗುತ್ತವೆ ಎಂದು ಅತ್ತೆ ಗೊಣಗಿದ್ದಕ್ಕೆ ಇಲ್ಲಿಗೆ ಬಂದಳಂತೆ. ಇದನ್ನೆಲ್ಲ ಅವಳು ನನಗೆ ಹೇಳಿದ್ದಲ್ಲ. ಬೇರೆಯವರಿಗೆ ಹೇಳುವಾಗ ನಾನು ಕಿವಿಗೊಟ್ಟು ಕೇಳಿದ್ದು.

ನಾನು ಸರ್ಪಿನ್, ಇಪ್ಪತ್ತೆರಡು ವರ್ಷದ ಹಳಬ. ಊರಿನ ವಾಡಿಕೆಯಂತೆ ಎಲ್ಲರೂ ನನ್ನನ್ನು ಚಾಕ್ ಎನ್ನುತ್ತಾರೆ, ಅಂದರೆ ಅಣ್ಣ. ಅವಳೂ ಹಾಗೇ ಕರೆಯುತ್ತಾಳೆ, ಅದೂ ಗೌರವದಿಂದ. ಅದು ಇನ್ನೂ ಉರಿ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳು ಬಂದ ಎರಡನೇ ವರ್ಷಕ್ಕೇ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಎಡಕ್ಕೆ ಸರಿದರು. ಮೊದಲು ಕಾಲೇಜಿನ ಹುಡುಗರು, ಆಮೇಲೆ ನೋಟರಿ ಕಚೇರಿಯವರು. ಉಳಿದವರು ಸುಮಾರ್ಮಿ ಅಮ್ಮ ಒಬ್ಬರೇ, ನಮ್ಮ ಮಾತಿನಲ್ಲಿ ಬು ಸುಮಾರ್ಮಿ, ಹದಿನಾಲ್ಕು ವರ್ಷದಿಂದ ನನ್ನ ಗಿರಾಕಿ, ಶಾಲೆಯ ಟೀಚರಮ್ಮ. ಅವರು ಯಾರ ಹತ್ತಿರ ಹೋದರೆ ಆ ಶಾಲೆಯ ಅಷ್ಟೂ ಟೀಚರುಗಳು ಅವರ ಹತ್ತಿರವೇ. ಅವರೂ ಹೋದರೆ ನಾನು ಬರೀ ಚಾರ್ಜರ್ ವೈರು ಸುತ್ತಿಕೊಂಡು ಕೂರಬೇಕಾಗಿತ್ತು.

ಅಂಥ ಬು ಸುಮಾರ್ಮಿಯವರ ಲ್ಯಾಪ್‌ಟಾಪ್ ಕೈಕೊಟ್ಟಿತು.

"ಬೆಳಿಗ್ಗೆ ಗುಂಡಿ ಒತ್ತಿದ್ರೆ ದೀಪ ಹತ್ತುತ್ತೆ, ಫ್ಯಾನು ತಿರುಗುತ್ತೆ, ಪರದೆ ಮಾತ್ರ ಕಪ್ಪು. ದಿನಾ ಅಲ್ಲ ಚಾಕ್, ವಾರದಲ್ಲಿ ಮೂರು ದಿನ," ಎಂದರು.

ನಾನು ಮೆಮೊರಿ ಪಟ್ಟಿ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಬ್ಯಾಟರಿ ಬಿಡಿಸಿ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಒಂದರ ಹಿಂದೊಂದು ನಲವತ್ತು ಸಲ ಆನ್ ಮಾಡಿದೆ, ನಲವತ್ತು ಸಲವೂ ಪರದೆ ಬೆಳಗಿತು. ಮನೆಗೆ ಹೋಯಿತು, ಕಪ್ಪಾಯಿತು. ಎರಡನೇ ಸಲ ಪರದೆಯ ಕೇಬಲ್ ಬದಲಿಸಿದೆ. ಇಲ್ಲಿ ಬೆಳಕು, ಅಲ್ಲಿ ಕತ್ತಲೆ. ಮೂರನೇ ಸಲ ಬಂದವರು ನನ್ನ ಮೇಜಿನ ಮುಂದೆ ನಿಲ್ಲಲೇ ಇಲ್ಲ. ತಲೆ ತಗ್ಗಿಸಿ ಎಡಕ್ಕೆ ಹೋದರು.

ಎದುರಿನ ಅಂಗಡಿಯ ಜುಮಾದಿ ಬಾಯಿ ಮುಚ್ಚಿಕೊಂಡಿರುವ ಜಾತಿಯಲ್ಲ. "ಏನ್ ಚಾಕ್, ಕೊನೇ ಕಾಯೂ ಬಿತ್ತಾ?" ಎಂದು ಕೂಗಿದ.

"ನಿನ್ನ ಹಲ್ಲು ಬೀಳೋಕ್ ಮುಂಚೆ ಸುಮ್ನಿರು," ಎಂದೆ. ಆದರೆ ಮೈಯೆಲ್ಲ ಉರಿಯುತ್ತಿತ್ತು. ಯೂಲಿಯಾಸಿಗೂ ಆ ದೋಷ ಸಿಗದಿರಲಿ ಎಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಮಧ್ಯಾಹ್ನದ ನಮಾಜಿನಲ್ಲಿ ಬೇಡಿಕೊಂಡೆ.

ಬೇಡಿಕೆ ಫಲಿಸಿತು. ಅವಳು ನಾಲ್ಕು ದಿನ ಇಟ್ಟುಕೊಂಡಳು, ಬೇರೆ ಪರದೆಗೆ ಜೋಡಿಸಿ ನೋಡಿದಳು, ಏನೂ ಸಿಗಲಿಲ್ಲ. ಮುಂದಿನ ವಾರ ಬು ಸುಮಾರ್ಮಿ ನಮ್ಮಿಬ್ಬರ ಮೇಜಿನ ನಡುವೆ ಲ್ಯಾಪ್‌ಟಾಪ್ ಕುಕ್ಕಿದರು.

"ಇದಕ್ಕೆ ನಿಮ್ಮಿಬ್ಬರನ್ನ ಕಂಡ್ರೆ ಹೆದರಿಕೆ, ನನ್ನ ಕಂಡ್ರೆ ಸದರ. ಇವತ್ತೂ ಅಷ್ಟೆ. ಬೆಳಿಗ್ಗೆ ಕಪ್ಪಗಿತ್ತು. ಇರ್ಲಿ ಅಂತ ಎದ್ದು ತಲೆಗೆ ಜಿಲ್ಬಾಬ್ ಸುತ್ಕೊಂಡು ಮತ್ತೆ ಇದರ ಹತ್ರ ಬಂದೆ. ಬಂದು ನೋಡ್ತೀನಿ, ತಾನೇ ಬೆಳಗ್ತಾ ಇದೆ!"

ಯೂಲಿಯಾಸಿ ಅದನ್ನು ಬಿಚ್ಚಲು ಹತ್ತಿರ ಎಳೆದುಕೊಂಡಳು. ಬಿಚ್ಚುವ ಮೊದಲು, ಯಾವಾಗಲೂ ಮಾಡುವಂತೆ, ಗಲ್ಲದ ಕೆಳಗೆ ಜಿಲ್ಬಾಬಿನ ಎರಡು ಅಂಚನ್ನು ಹಿಡಿದಿಟ್ಟಿದ್ದ ಪುಟ್ಟ ಅಯಸ್ಕಾಂತದ ಬ್ರೂಚು ತೆಗೆದು, ಮೇಜಿನ ಕಬ್ಬಿಣದ ಕಾಲಿಗೆ ಅಂಟಿಸಿ, ಆ ಜಾಗಕ್ಕೆ ಗುಂಡುಸೂಜಿ ಚುಚ್ಚಿಕೊಂಡಳು. ಗಿರಾಕಿಗಳ ಮುಂದೆ ಮಾಡಿಕೊಳ್ಳುವ ಸಿಂಗಾರ ಎಂದು ಆರು ವರ್ಷ ಇದನ್ನು ನಾನು ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಅವತ್ತು ಮೊದಲ ಸಲ ನಿಜಕ್ಕೂ ನೋಡಿದೆ. ಸಿಂಗಾರವಲ್ಲ. ಸಣ್ಣ ಸ್ಕ್ರೂಗಳು ಹಾರಿ ಹೋಗಿ ಅಯಸ್ಕಾಂತಕ್ಕೆ ಅಂಟದಿರಲಿ ಎಂದು.

ನನ್ನ ಬಾಯಿ ತಾನೇ ತೆರೆಯಿತು. "ಬು, ನಿಮ್ಮ ಜಿಲ್ಬಾಬಿಗೂ ಇಂಥದ್ದೇ ಬ್ರೂಚಾ?"

"ಹೂಂ, ಶಾಲೇಲಿ ಟೀಚರುಗಳಿಗೆ ಖಾಕಿ ಸಮವಸ್ತ್ರದ ದಿನ ಇದೇ. ಬಾಕಿ ದಿನ ಹೊಲಿದಿರೋ ಜಿಲ್ಬಾಬು, ಸುಮ್ನೆ ತಲೆಗೆ ಹಾಕ್ಕೊಳ್ಳೋದು."

"ಖಾಕಿ ಎಷ್ಟು ದಿನ?"

"ಮೂರು."

"ರಾತ್ರಿ ಬ್ರೂಚು ಎಲ್ಲಿಡ್ತೀರಿ?"

ಅವರು ಕೀಲಿಗಳ ಪಕ್ಕದ ಎಡ ಅಂಚನ್ನು ಮುಟ್ಟಿ ತೋರಿಸಿದರು. "ಇಲ್ಲಿ. ಖಾಕಿ ದಿನದ ಹಿಂದಿನ ರಾತ್ರಿ ಪೆಟ್ಟಿಗೆಯಿಂದ ತೆಗೆದಿಡ್ತೀನಿ, ಅಂಟ್ಕೊಂಡು ಕೂರುತ್ತೆ, ಕಳೆದು ಹೋಗಲ್ಲ. ಬೆಳಿಗ್ಗೆ ಹುಡುಕೋದು ಬೇಡ ನೋಡಿ. ಯಾಕ್ ಚಾಕ್?"

ನಾನು ಲ್ಯಾಪ್‌ಟಾಪ್ ಆನ್ ಮಾಡಿ, ಕಬ್ಬಿಣದ ಕಾಲಿನಿಂದ ಯೂಲಿಯಾಸಿಯ ಬ್ರೂಚು ಕಿತ್ತು ಅವರು ತೋರಿಸಿದ ಜಾಗದಲ್ಲಿಟ್ಟೆ. ಪರದೆ ಕಪ್ಪಾಯಿತು. ತೆಗೆದೆ, ಬೆಳಗಿತು. ಮುಚ್ಚಳ ಮುಚ್ಚಿದೆಯೋ ಇಲ್ಲವೋ ಎಂದು ಲ್ಯಾಪ್‌ಟಾಪು ತಿಳಿಯುವುದೇ ಮುಚ್ಚಳದೊಳಗಿನ ಅಯಸ್ಕಾಂತದಿಂದ. ಬ್ರೂಚು ಕೂತ ದಿನ ಅದು ತನ್ನ ಮುಚ್ಚಳ ಮುಚ್ಚಿದೆ ಎಂದುಕೊಂಡು ಕಣ್ಣು ಮುಚ್ಚುತ್ತಿತ್ತು. ಬು ಸುಮಾರ್ಮಿ ಸಿಂಗರಿಸಿಕೊಳ್ಳಲು ಬ್ರೂಚು ಎತ್ತಿದೊಡನೆ ಕಣ್ಣು ಬಿಡುತ್ತಿತ್ತು.

"ಅಯ್ಯೋ ದೇವರೇ, ಕಾಯಿಲೆ ನಂದೇನಾ!" ಎಂದು ಬು ಸುಮಾರ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇ ಹೇಳೋದು, ಹಳೇ ಕೈ ಹಳೇ ಕೈಯೇ. ನಾಳೆ ನಮ್ಮ ಹೆಡ್‌ಮೇಡಂದೂ ತರ್ತೀನಿ ಚಾಕ್." ಜುಮಾದಿ ಎದ್ದು ನಿಂತು ಚಪ್ಪಾಳೆ ಹೊಡೆದ. ಉಳಿದ ಮೇಜುಗಳವರೂ ಹೊಡೆದರು. ಆರು ವರ್ಷದಿಂದ ಕಾದಿದ್ದ ಗಳಿಗೆ. ನನ್ನ ಎದೆ ಎರಡು ಗೇಣು ಉಬ್ಬಿತ್ತು.

ಬು ಸುಮಾರ್ಮಿ ಹೋದ ಮೇಲೆ ಯೂಲಿಯಾಸಿ ತನ್ನ ಸ್ಟೂಲು ನನ್ನ ಕಡೆಗೆ ಎಳೆದಳು. "ಹೇಗ್ ಹೊಳೀತು ಚಾಕ್? ನಾನೇ ದಿನಾ ಹಾಕ್ಕೊಳ್ಳೋದು, ನನಗೇ ಹೊಳೀಲಿಲ್ಲ."

ಇಪ್ಪತ್ತೆರಡು ವರ್ಷದ ಅನುಭವ ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅವಳು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದರಿಂದ ಸುಳ್ಳು ಹೊರಡಲಿಲ್ಲ.

"ನೀನು ತೆಗೆದಿಡೋದು ನೋಡ್ದೆ," ಎಂದೆ.

ಅವಳು ಆಶ್ಚರ್ಯಪಡಲಿಲ್ಲ. "ನೀವು ನೋಡ್ತಾ ಇರ್ತೀರಿ ಅಂತ ನಂಗೊತ್ತು. ಬಂದ ದಿನದಿಂದ ಗೊತ್ತು. ಏನಾದ್ರೂ ಕೇಳ್ತೀರೇನೋ ಅಂತ ಕಾದೆ. ಕೇಳಿದ್ರೆ ಎಲ್ಲಾ ಹೇಳ್ಕೊಡ್ತಿದ್ದೆ, ಚಾಕ್. ನಂಗೂ ನಿಮ್ಮನ್ನ ಕೇಳೋದು ಬೇಕಾದಷ್ಟಿತ್ತು."

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಸುಟ್ಟ ಬೋರ್ಡಿನಿಂದ ಒಂದು ಚಿಪ್ ಅನ್ನು ಪಕ್ಕದ ಚಿಪ್‌ಗೆ ಬಿಸಿ ತಗುಲದ ಹಾಗೆ ಅವಳು ಒಂದೇ ಸಲಕ್ಕೆ ಎತ್ತುತ್ತಾಳೆ. ಅದು ಹೇಗೆಂದು ಕದ್ದು ನೋಡಿ ನೋಡಿ ನನಗೆ ಇವತ್ತಿಗೂ ಬಂದಿಲ್ಲ. ಅದನ್ನು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುತ್ತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕಾದು ಕೂತಿದ್ದಳು.

ನಾನು ಕೇಳಲಿಲ್ಲ.