ಬೆನ್ನ ಹಿಂದಿನ ಎಡಗೈ

ಕರೆಂಟು ಹರಿಯುತ್ತಿರುವ ಪೆಟ್ಟಿಗೆಯೊಳಗೆ ಕೈ ಹಾಕುವಾಗಲೆಲ್ಲ ಅವರ ಎಡಗೈ ಬೆನ್ನ ಹಿಂದಕ್ಕೆ ಹೋಗಿ ಸೊಂಟದ ಬೆಲ್ಟನ್ನು ಹಿಡಿದುಕೊಳ್ಳುತ್ತಿತ್ತು. ಕೆಲಸವೆಲ್ಲ ಬಲಗೈಯದು. ಅದರ ತೋರುಬೆರಳ ತುದಿ ಬೆಸುಗೆಯ ಕಾವಿಗೆ ಸುಟ್ಟು ಕಪ್ಪಗಾಗಿತ್ತು. ಎರಡೂ ಕೈ ಒಳಗಿದ್ದರೆ ಶಾಕು ಒಂದರಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೊರಡುತ್ತದೆ, ಒಂದೇ ಕೈಯಾದರೆ ಉಳಿದುಕೊಳ್ಳಬಹುದು ಎಂದು ಒಮ್ಮೆ ನನಗೆ ವಿವರಿಸಿದ್ದರು.

ಅವರು ಹೆಡತಲೆ ಎಂಬ ಊರಿನವರು. ನಂಜನಗೂಡಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಯಾವ ಸೆಟ್ಟನ್ನು ಬಿಚ್ಚುವ ಮೊದಲೂ, ತನಗಿಂತ ಮುಂಚೆ ಇದಕ್ಕೆ ಯಾರು ಕೈಯಾಡಿಸಿದ್ದರು ಎಂದು ಕೇಳುವರು. ಸುಳ್ಳು ಹೇಳಿದ್ದು ಗೊತ್ತಾದರೆ ಚೀಲ ಮುಚ್ಚಿ ಎದ್ದುಬಿಡುವರು. ಮುಂಗೋಪಿ ಎಂದು ಹೆಸರಾಗಿದ್ದರೂ ನರಸೀಪುರದ ಸೌಂಡ್ ಸಿಸ್ಟಮ್‌ನವರೆಲ್ಲ ಅವರನ್ನೇ ಕರೆಸುತ್ತಿದ್ದರು. ಫ್ಯೂಸು ಹೋಯಿತೆಂದು ಯಾರಾದರೂ ಗೊಣಗಿದರೆ, "ಅದುನ್ನ ಯಾಕ್ ಬಯ್ತೀರಿ? ಒಳ್ಗಡೆ ಏನೋ ಕೆಟ್ಟದೆ ಅಂತ ನಿಜ ಏಳ್ತಾ ಅದೆ ಅದು" ಎನ್ನುವರು.

ನರಸೀಪುರದ ಬಸ್‌ ಸ್ಟ್ಯಾಂಡ್ ಹತ್ತಿರ ನಮ್ಮ ದೊಡ್ಡಪ್ಪನ ಹೋಟೆಲು. ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಮೈಸೂರಿನ ಯಾವುದೋ ಕ್ಲಬ್ಬಿನವರು ಮಾರಿದ ಹಳೇ ಜ್ಯೂಕ್‌ಬಾಕ್ಸೊಂದನ್ನು ದೊಡ್ಡಪ್ಪ ತಂದು ಬಾಗಿಲ ಪಕ್ಕದಲ್ಲೇ ನಿಲ್ಲಿಸಿದ್ದರು. ಕಾಸು ಹಾಕಿ ಗುಂಡಿ ಒತ್ತಿದರೆ ಒಳಗಿನ ತಟ್ಟೆ ತಾನೇ ಎದ್ದು ಹಾಡುತ್ತಿತ್ತು. ತೊಂಬತ್ತರ ದಶಕದ ನಡುವೆ ಅದು ಗುಂಯ್‌ಗುಟ್ಟಲು ಶುರುಮಾಡಿ, ಆಮೇಲೆ ಸ್ವಿಚ್ ಹಾಕಿದಾಗಲೆಲ್ಲ ಫ್ಯೂಸು ಸುಡತೊಡಗಿತು. ದೊಡ್ಡಪ್ಪ ನಂಜನಗೂಡಿನಿಂದ ಅವರನ್ನೇ ಕರೆಸಿದರು.

ಅವರು ದಲಿತರು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಅವರು ಹೋಟೆಲಿಗೆ ಬಂದಾಗಲೆಲ್ಲ ಟೀ ಹಿಂಬಾಗಿಲಿಗೆ, ಬೇರೆ ಲೋಟದಲ್ಲಿ ಹೋಗುತ್ತಿತ್ತು. ಕಳಿಸುತ್ತಿದ್ದವನು ನಾನೇ. ಅವರು ಒಂದು ದಿನವೂ ಅದನ್ನು ಮುಟ್ಟಲಿಲ್ಲ.

ಅಂದು ಮೊದಲು ಗಾಜಿನ ಬುರುಡೆಯಂಥ ಒಂದು ವಾಲ್ವು ಕಿತ್ತು ಸ್ವಿಚ್ ಹಾಕಿದರು, ಫ್ಯೂಸು ಉಳಿಯಿತು. ಅಂದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ, ದೋಷ ಅದರಾಚೆ ಇದೆ ಎಂದರು. ಊದಿಕೊಂಡಿದ್ದ ಕಂಡೆನ್ಸರನ್ನು ಬದಲಾಯಿಸಿದರು. ಇನ್ನೊಂದರ ಮೇಲೂ ಅನುಮಾನವಿತ್ತು. ಅದನ್ನು ಕರೆಂಟು ಹರಿಯುವಾಗಲೇ ಅಳೆಯಬೇಕು. ವಾಲ್ವನ್ನು ಮತ್ತೆ ಕೂರಿಸಿ, ಸ್ವಿಚ್ ಹಾಕಿ, ಎಡಗೈ ಹಿಂದಕ್ಕಿಟ್ಟು ಮೀಟರಿನ ಕಡ್ಡಿ ಒಳಗೆ ಬಿಟ್ಟರು. ಅದೇ ಹೊತ್ತಿಗೆ ದೊಡ್ಡಪ್ಪ ಮಠದ ಕಡೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ಒಳಗೆ ಬಂದರು.

"ಲೇ, ಸಾಹೇಬ್ನಂಗೆ ಕೈ ಹಿಂದಕ್ಕೆ ಕಟ್ಕಂಡು ನಿಂತಿದ್ದೀಯಲ್ಲ. ದೊಡ್ಡೋರು ಬಂದವ್ರೆ, ಕೈ ಮುಂದಕ್ಕೆ ತಗಿ ಕಣ್ಲಾ."

ಅವರು ತಿರುಗಲಿಲ್ಲ. "ಮುಂದಕ್ಕೆ ತಂದ್ರೆ ನಾನು ಸಾಯ್ಬೋದು, ಸಾ. ಇಂದ್ಕಿದ್ರೆ ನಿಮ್ಗೆ ಬೇಜಾರು. ಯಾವ್ದು ದೊಡ್ಡದು ನೀವೇ ಏಳಿ."

ಹಿರಿಯರ ಎದುರಿಗೆ ಈ ಮಾತು. ದೊಡ್ಡಪ್ಪನ ಮುಖ ಕೆಂಪಾಯಿತು. ಕೈ ಮುಂದಕ್ಕಿಡು, ಇಲ್ಲ ಆಚೆ ನಡಿ ಎಂದರು. ಆ ಕೈ ಹಿಂದೆ ಯಾಕಿದೆ ಎಂದು ಆ ಹೋಟೆಲಿನಲ್ಲಿ ಗೊತ್ತಿದ್ದವನು ನಾನೊಬ್ಬ. ಒಂದು ಮಾತು ಸಾಕಿತ್ತು. ನಾನು ಗಲ್ಲಾದ ಬೀಗ ನೋಡುತ್ತ ಕೂತೆ. ಅವರು ಸ್ವಿಚ್ ಆರಿಸಿದರು, ಉಳಿದ ಕಂಡೆನ್ಸರನ್ನು ನೋಡದೆ ಯಾರೂ ಇದನ್ನು ಹಾಡಿಸಬೇಡಿ ಎಂದು ನನಗೆ ಹೇಳಿ, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದರು.

ಮರುದಿನ ದೊಡ್ಡಪ್ಪ ಪಕ್ಕದ ಬೀದಿಯ ವೈರಿಂಗ್‌ನವನನ್ನು ಕರೆಸಿದರು. ಎರಡು ಸಲ ಫ್ಯೂಸು ಸುಟ್ಟಿತು. ಮೂರನೇ ಸಲ ಆ ಪುಣ್ಯಾತ್ಮ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಸುಟ್ಟ ಫ್ಯೂಸಿಗೆ ಸುತ್ತಿ ತುರುಕಿದ, ಇನ್ನದು ಸುಡುವ ಹಾಗಿರಲಿಲ್ಲ. ಪೆಟ್ಟಿಗೆ ಹಾಡಿತು, ದೊಡ್ಡಪ್ಪ ಎಲ್ಲರಿಗೂ ಟೀ ಕೊಡಿಸಿದರು. ಮೂರನೇ ಹಾಡಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಟೆಲೆಲ್ಲ ಹೊಗೆ. ನಂಜನಗೂಡಿನವನು ಹೊಟ್ಟೆಕಿಚ್ಚಿಗೆ ಬೇಕಂತಲೇ ಕೆಡಿಸಿ ಹೋದ ಎಂದು ದೊಡ್ಡಪ್ಪ ಕಂಡಕಂಡವರಿಗೆಲ್ಲ ಹೇಳಿದರು. ಊರು ನಂಬಿತು. ನಂಬುವುದು ಊರವರಿಗೂ ಸಲೀಸಾಗಿತ್ತು, ದರಿದ್ರದವರಿಗೆ. ನರಸೀಪುರದಿಂದ ಹೆಡತಲೆಯವರನ್ನು ಕರೆಯುವವರೇ ಇಲ್ಲವಾದರು. ಅವರ ಅರ್ಧ ದುಡಿಮೆ ಈ ಊರಿನದಾಗಿತ್ತು. ಬೆಳ್ಳಿ ಕಾಗದ ಸುತ್ತಿದ್ದನ್ನು ಕಣ್ಣಾರೆ ಕಂಡಿದ್ದ ನಾನು ಬಾಯಿ ಬಿಡಲಿಲ್ಲ. ದೊಡ್ಡಪ್ಪನ ಮೇಲೆ ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಅದಕ್ಕಿಂತ ಹೆಚ್ಚು ಸಿಟ್ಟು ಆ ಗಲ್ಲಾದ ಮೇಲೆ ಕೂತಿದ್ದ ಹೇಡಿಯ ಮೇಲೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ದೊಡ್ಡಪ್ಪ ತೀರಿಕೊಂಡರು. ಆಗ ನನಗೆ ಧೈರ್ಯ ಬಂತು. ನಂಜನಗೂಡಿಗೆ ಹೋಗಿ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ಮಾಡುತ್ತಿದ್ದ ಬೆಸುಗೆ ಮುಗಿಸಿ ತಲೆ ಎತ್ತಿದರು.

"ಇದು ನಂಗೆ ಗೊತ್ತಿಲ್ದೇ ಇರೋದಾ? ನಂಗ್ಯಾಕ್ ಏಳ್ತೀರಿ ಸಾ. ಅಲ್ಲಿ ಏಳ್ಬೇಕಿತ್ತು, ಅವ್ರು ಇದ್ದಾಗ."

ನರಸೀಪುರಕ್ಕೆ ಬಂದು ಹೇಳಲು ಶುರುಮಾಡಿದೆ. ಹಳೇ ಕತೆ ಯಾಕೆ ಬಿಡಿ ಎಂದರು ಎಲ್ಲರೂ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೆಡತಲೆಗೆ ಹೋದೆ. ನರಸೀಪುರದಿಂದ ಬಂದವನು ನಾನೊಬ್ಬನೇ. ಅವರ ಮಗಳು ಬಾಗಿಲಿಗೆ ಬಂದು, ಅಪ್ಪನಿಗೆ ನೀವು ಏನಾಗಬೇಕು ಎಂದು ಕೇಳಿದಳು.

"ನಿಮ್ಮಪ್ಪನ ಹೆಸರು ಕೆಡಿಸಿದ ಮನೆಯವನು" ಎಂದೆ.

ಅವಳು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೆಣ ಎತ್ತುವವರೆಗೂ ಅಂಗಳದಲ್ಲೇ ನಿಂತಿದ್ದೆ.