ಗೌರಕ್ಕನ ಗೋಡೆ ಮತ್ತು ಬೆಳಕಿನ ಪಟ್ಟಿಗಳು

ಕೊರೊನಾ ಮುಗಿದ ಮರುವರ್ಷ. ಶಿರಸಿಯಲ್ಲಿರುವ ನನ್ನ ಫ್ಯಾಬ್ರಿಕೇಶನ್ ಶೆಡ್ಡಿಗೆ ಆಗ ಇಪ್ಪತ್ತೆಂಟು ವರ್ಷ ತುಂಬಿತ್ತು. ಆರನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕುಲುಮೆಯ ಮುಂದೆ ಕುಳಿತವನು ನಾನು. ಗೇಟು, ಗ್ರಿಲ್ಲು, ಶಟರ್ ಎಲ್ಲವನ್ನೂ ನೋಡಿ ನೋಡಿಯೇ ಕಲಿತೆ. ನನ್ನ ಬೆಸುಗೆ ಬಿಟ್ಟಿತೆಂದು ವಾಪಸು ಬಂದವರು ಈವರೆಗೂ ಇಲ್ಲ.

ಆ ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿಯಿಂದ ಶೈಲಜಾ ಮೇಡಂ ಎಂಬ ಆರ್ಕಿಟೆಕ್ಟ್ ನನ್ನನ್ನು ಹುಡುಕಿಕೊಂಡು ಬಂದರು. ಸಿದ್ದಾಪುರ ತಾಲೂಕಿನ ದೊಡ್ಮನೆ ಕಡೆ ತಿಮ್ಮಣ್ಣ ನಾಯ್ಕರೆಂಬವರ ಹಳೆ ಮನೆಯ ಜಗಲಿಯಲ್ಲಿ ಒಂದು ಮಣ್ಣಿನ ಗೋಡೆ ಇತ್ತು. ಮಗಳ ಮದುವೆಗೆಂದು ಅವರ ಹೆಂಡತಿ ಗೌರಕ್ಕ ಅದರ ಮೇಲೆ ಹಸೆ ಚಿತ್ತಾರ ಬರೆದಿದ್ದರು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ನಡುನಡುವೆ ಕಾಯಿಯಿಂದ ತೆಗೆದ ಹಳದಿ. ಮದುವೆ ಮುಗಿದು ವರ್ಷ ತುಂಬುವುದರೊಳಗೆ ಗೌರಕ್ಕ ತೀರಿಕೊಂಡರು. ಮದುವೆ ಕಳೆದ ಮೇಲೆ ಕೆಮ್ಮಣ್ಣು ಬಳಿದು ಗೋಡೆ ಸಾರಿಸಿಬಿಡುವುದು ಆ ಮನೆಯ ರೂಢಿ. ತಿಮ್ಮಣ್ಣ ಸಾರಿಸಲಿಲ್ಲ. ಸಂಸಾರವೆಲ್ಲ ಅಂಗಳದಾಚೆಯ ಹೊಸ ಮನೆಗೆ ಹೋದರೂ ದಿನಾ ಬೆಳಿಗ್ಗೆ ಚಹದ ಲೋಟ ಹಿಡಿದು ಆ ಜಗಲಿಗೇ ಬಂದು ಕೂರುತ್ತಿದ್ದರು. ಆದರೆ ಸಂಜೆಯ ಪಡುವಣ ಬಿಸಿಲಿಗೆ ಹಳದಿ ಬಿಳಿಚಿಕೊಳ್ಳುತ್ತಿತ್ತು.

"ಮುಚ್ಚಿಬಿಟ್ರೆ ಬಣ್ಣ ಉಳೀತದೆ, ಖರೆ. ಆದ್ರೆ ನೋಡೂದು ಯಾವಾಗ?" ಎಂದು ತಿಮ್ಮಣ್ಣ ಕೇಳಿದ್ದರು. "ಬೆಳಕು ಬೇಕು, ಬಿಸಿಲು ಬೇಡ."

ಮೇಡಂ ಕೊಟ್ಟ ಉತ್ತರ ಕೈನೆಟಿಕ್ ಆರ್ಕಿಟೆಕ್ಚರ್. ಅಂದರೆ ತಾನೇ ಅಲುಗುವ ಕಟ್ಟಡ. ಜಗಲಿಯ ಮುಂಭಾಗಕ್ಕೆ ಐದಡಿ ಉದ್ದದ ಹನ್ನೆರಡು ಅಲ್ಯೂಮಿನಿಯಂ ಪಟ್ಟಿ, ಅವನ್ನು ತಿರುಗಿಸಲು ಒಂದು ಮೋಟರ್. ಜಗಲಿಯ ಪಕ್ಕದ ಹೊರಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ. ಅದರೊಳಗೆ ಬೆಳಕನ್ನು ಅಳೆಯುವ ಸೆನ್ಸರ್, ಮೇಲೆ ಮಳೆಹನಿ ಬಿದ್ದರೆ ತಿಳಿಯುವ ತಗಡು. ಬಿಸಿಲು ಏರಿದರೆ ಪಟ್ಟಿ ಮುಚ್ಚಬೇಕು, ಮೋಡವಾದರೆ ತೆರೆಯಬೇಕು, ಮಳೆ ಬಂದರೆ ಪೂರ್ತಿ ಮುಚ್ಚಬೇಕು.

ಬರೀ ಯೋಜನೆಗೇ ಮೂರು ತಿಂಗಳು ಹಿಡಿಯಿತು. ಅಂಗಳದಲ್ಲಿ ಬಿದಿರಿನ ಗಳು ನೆಟ್ಟು, ಅರ್ಧ ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಗೂಟ ಹೊಡೆದೆ. ಬಿಸಿಲು ಗೋಡೆಯ ಬುಡದಲ್ಲಿ ಎಲ್ಲಿಯವರೆಗೆ ಬರುತ್ತದೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ರಟ್ಟು ಮತ್ತು ಸೈಕಲ್ ಕಡ್ಡಿಯಲ್ಲಿ ಮಾದರಿ ಕಟ್ಟಿದೆ.

"ಆಚಾರ್ರೇ, ಊರಿಗೆಲ್ಲ ಗ್ರಿಲ್ಲು ಹಾಕಿ ಮುಗೀತು, ಈಗ ಸೂರ್ಯಂಗೂ ಹಾಕ್ತ್ರಾ?" ಎಂದು ತಿಮ್ಮಣ್ಣ ನಗುತ್ತಿದ್ದರು.

ಮೇಡಂ ನಕ್ಷೆಯಲ್ಲಿ ಪಟ್ಟಿ ತಿರುಗಿಸಲು ಮೂರು ಸರಳು ಇದ್ದವು. ನಾನು ಒಂದರಲ್ಲೇ ಮಾಡಿ ತೋರಿಸಿದೆ. "ನಮಗ ಪಾಠಾ ಹೇಳ್ತೀರಲ್ರೀ ನೀವು!" ಎಂದರು. ಆ ಮಾತನ್ನು ನಾನು ಶಿರಸಿಯಲ್ಲಿ ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ಕೆಲಸ ಮುಗಿದ ದಿನ ಅವರು ನನ್ನ ಕೈಗೆ ನಾಲ್ಕು ಹಾಳೆ ಕೊಟ್ಟರು. ನಿರ್ವಹಣೆಯ ವಿವರ, ಎಲ್ಲ ಇಂಗ್ಲಿಷಿನಲ್ಲಿ. "ಓದಿ ನೋಡ್ರಿ, ಏನಾರ ಕೇಳೋದಿದ್ರ ಕೇಳ್ರಿ."

ನಾನು ಹಾಳೆ ತಿರುವಿ ಹಾಕಿದೆ. ನಡುವೆ ಎರಡು ಸಲ ತಲೆಯನ್ನೂ ಆಡಿಸಿದೆ. "ನನ್ನ ಕೈಯಾರೆ ಮಾಡಿದ್ದಲ್ರಾ ಮೇಡಂ, ಕೇಳೂದು ಎಂತ ಇದೆ?" ಎಂದೆ.

ಮೇ ಕೊನೆಗೆ ಎಣ್ಣೆ ಬಿಡಲು ಹೋದೆ. ಕರೆಂಟು ಇರಲಿಲ್ಲ, ಪಟ್ಟಿಗಳು ಮುಚ್ಚಿದಂತೆಯೇ ನಿಂತಿದ್ದವು. ತಿಮ್ಮಣ್ಣ ಮಳೆಗಾಲದ ತಟ್ಟಿ ಕಟ್ಟುತ್ತಿದ್ದರು. ಮಣ್ಣಿನ ಗೋಡೆಗೆ ಇರಚಲು ಮಳೆ ಹೊಡೆಯದಂತೆ ಅಡಿಕೆ ಸೋಗೆ ಹೆಣೆದು ಹೊರಗಿನಿಂದ ಕಟ್ಟುವ ಮರೆ ಅದು. ಚಿಕ್ಕಂದಿನಿಂದ ಕಟ್ಟಿದ ಕೈ ನನ್ನದು. ಹಗ್ಗ ಇಸಿದುಕೊಂಡು, ಪಟ್ಟಿಗಳಿದ್ದ ಜಾಗ ಬಿಟ್ಟು, ಎರಡೂ ಬದಿಯ ಗೋಡೆಗೆ ಬೆರಳು ತೂರದಷ್ಟು ಬಿಗಿಯಾಗಿ ಕಟ್ಟಿದೆ. ಸೆನ್ಸರ್ ಪೆಟ್ಟಿಗೆ ಅವುಗಳಲ್ಲಿ ಒಂದು ಗೋಡೆಯ ಮೇಲೆಯೇ ಇತ್ತು. ತಟ್ಟಿ ಅದನ್ನೂ ಮುಚ್ಚಿತು. ನನಗೆ ಹೊಳೆಯಲೇ ಇಲ್ಲ.

"ಮಗಳ ಮನೇಲಿ ಮಗೂಗೆ ಹೆಸರಿಡೂದು, ಯಲ್ಲಾಪುರಕ್ಕೆ ಎಲ್ಲರೂ ಹೊರಟ್ವಿ," ಎಂದರು ತಿಮ್ಮಣ್ಣ. "ಹಂಗೇ ಚಂದಗುಳಿ ಗಣಪತಿಗೆ ಹರಕೆ ಘಂಟೆ ಒಂದು ಕೊಡೂದಿದೆ. ಇಲ್ಲಿ ಅಡ್ಡಿಲ್ಯ?"

"ನಿಶ್ಚಿಂತೆಯಿಂದ ಹೋಗಿ ಬನ್ನಿ," ಎಂದೆ.

ಅವರು ಹೋದ ಮೇಲೆ ಕರೆಂಟು ಬಂತು. ತಟ್ಟಿಯ ಹಿಂದಿದ್ದ ಸೆನ್ಸರಿಗೆ ಕಂಡದ್ದು ಬರೀ ಕತ್ತಲೆ, ತಗಡಿಗೆ ಒಂದು ಹನಿಯೂ ತಾಗಲಿಲ್ಲ. ಬೆಳಕು ಸಾಲದೆಂದು ಯಂತ್ರ ಹನ್ನೆರಡು ಪಟ್ಟಿಗಳನ್ನೂ ಪೂರ್ತಿ ತೆರೆದಿಟ್ಟಿತು. ವರ್ಷದ ಮೊದಲ ಮಳೆ ಪಡುವಣ ಗಾಳಿಯ ಜೊತೆ ಎರಡು ದಿನ ಹೊಡೆಯಿತು.

ವಾಪಸು ಬಂದ ತಿಮ್ಮಣ್ಣ ಫೋನು ಮಾಡಿದಾಗ ಓಡಿದೆ. ಅಕ್ಕಿಹಿಟ್ಟಿನ ಗೆರೆಗಳೆಲ್ಲ ಕರಗಿ ಕೆಂಪು ನೀರಿನ ಜೊತೆ ಇಳಿದು ಜಗಲಿಯಲ್ಲಿ ಹೆಪ್ಪುಗಟ್ಟಿದ್ದವು. ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ದಂಡಿಗೆಯನ್ನು, ಅಂದರೆ ಮದುವೆಯ ಪಲ್ಲಕ್ಕಿಯನ್ನು, ಹೊತ್ತವರ ಕಾಲುಗಳು ಉಳಿದಿದ್ದವು.

ತಿಮ್ಮಣ್ಣ ಬೈಯಲಿಲ್ಲ. "ತಟ್ಟಿ ಚಲೋ ಕಟ್ಟಿದ್ರಿ ಆಚಾರ್ರೇ. ಆ ಬದಿ ಗೋಡೆಗೆ ಒಂದು ಹನಿ ತಾಗ್ಲಿಲ್ಲೆ," ಎಂದರು.

ಮೇಡಂಗೆ ಫೋನು ಮಾಡಿದೆ. ಹಾಳೆ ಓದಿರಲಿಲ್ಲ ಎಂದು ಒಪ್ಪಿಕೊಂಡೆ. ಪೆಟ್ಟಿಗೆಯ ಸುತ್ತ ಒಂದಡಿ ಜಾಗದಲ್ಲಿ ಏನೂ ಅಡ್ಡ ಬರಬಾರದು, ಬಂದರೆ ಪಟ್ಟಿ ತೆರೆದುಕೊಳ್ಳುತ್ತದೆ ಎಂದು ಮೂರನೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತಂತೆ. "ಒಂದ ಮಾತು ಅಂದಿದ್ರ ನಾ ಓದಿ ಹೇಳ್ತಿದ್ದೆ ಅಲ್ರೀ," ಎಂದರು.

ಉಳಿದ ಮೂಲೆಗೆ ಗಾಜು ಹಾಕಿ ಕಾಪಾಡೋಣ ಎಂಬುದು ಮೇಡಂ ಸಲಹೆಯಾಗಿತ್ತು. ನಾಲ್ಕು ದಿನ ಬಿಟ್ಟು ಹೋದಾಗ ತಿಮ್ಮಣ್ಣ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸುತ್ತಿದ್ದರು.

"ಬರೀ ಕಾಲು ಇಟ್ಕಂಡು ಎಂತ ಮಾಡೂದು? ಅವಳೇ ಇದ್ರೆ ಯಾವಾಗ್ಲೋ ಸಾರಿಸಿ ಮುಗಿಸ್ತಿದ್ಲು. ಹಠ ಹಿಡಿದವ ನಾನು."

"ಬಟ್ಟೆ ಕೊಡಿ ತಿಮ್ಮಣ್ಣ, ನಾನು ಸಾರಿಸ್ತೆ."

"ನೀವು ಬ್ಯಾಡ," ಎಂದು ಬಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

ಕಬ್ಬಿಣದಲ್ಲಿ ತಪ್ಪಿದರೆ ಕತ್ತರಿಸಿ ಮತ್ತೆ ಬೆಸೆಯಬಹುದು. ಆ ಧೈರ್ಯದಲ್ಲೇ ನಾನು ಅಷ್ಟು ವರ್ಷ ದುಡಿದಿದ್ದೆ. ಗೌರಕ್ಕನ ಗೆರೆಯನ್ನು ಮತ್ತೆ ಎಳೆಯುವವರು ಯಾರೂ ಇರಲಿಲ್ಲ. ಈಗ ಯಾವ ಕೆಲಸದ ಕಾಗದ ಬಂದರೂ, ಶೆಡ್ಡಿನಲ್ಲಿ ಎಷ್ಟೇ ಜನರಿರಲಿ, ಅದನ್ನು ಗಿರಾಕಿಗೇ ತಿರುಗಿಸಿ ಕೊಡುತ್ತೇನೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನಿಧಾನಕ್ಕೆ ಓದಿ ಹೇಳಿ ಎನ್ನುತ್ತೇನೆ.